ನೆನಪನ್ನು ಕೆಡಿಸದೆ ಕೇಳುವುದು ಹೇಗೆ

ಅಪಘಾತವನ್ನು ಕಂಡ ನೆರೆಯವರಿಂದಲೋ, ಶಾಲೆಯ ಜಗಳವನ್ನು ನೋಡಿದ ಮಗುವಿನಿಂದಲೋ, ಮನೆತನದ ಹಳೆಯ ಸಂಗತಿಗಳನ್ನು ಬಲ್ಲ ಅಜ್ಜಿಯಿಂದಲೋ ನಡೆದದ್ದನ್ನು ಕೇಳಿ ತಿಳಿಯಬೇಕಾದಾಗ, ಅವರು ಎಲ್ಲಿ ಸುಳ್ಳು ಹೇಳಿಬಿಡುತ್ತಾರೋ ಎಂಬ ಅಳುಕು ನಮಗಿರುತ್ತದೆಯೇ ಹೊರತು, ನಮ್ಮ ಪ್ರಶ್ನೆಯೇ ಅವರ ನೆನಪನ್ನು ತಿದ್ದಿಬಿಟ್ಟೀತು ಎಂಬ ಎಚ್ಚರ ಇರುವುದಿಲ್ಲ. ಹಾಗೆ ತಿದ್ದಿಹೋದ, ಕೆಲವೊಮ್ಮೆ ನಡೆಯದೆಯೂ ಹುಟ್ಟಿಕೊಂಡ ನೆನಪನ್ನು ಮನೋವಿಜ್ಞಾನದಲ್ಲಿ ಮಿಥ್ಯಾಸ್ಮೃತಿ ಎನ್ನುತ್ತಾರೆ. ‘ಸುಳ್ಳು ನೆನಪು’ ಎನ್ನುವುದಕ್ಕಿಂತ ‘ಹುಸಿ ನೆನಪು’ ಎನ್ನುವುದು ನನಗೆ ಮೇಲೆನಿಸುತ್ತದೆ. ಸುಳ್ಳಿನ ಹಿಂದೆ ಹೇಳುವವರ ಉದ್ದೇಶವಿರುತ್ತದೆ, ಇದರ ಹಿಂದೆ ಇರುವುದಿಲ್ಲ.

ನನ್ನ ಅಜ್ಜಿಯ ಮನೆಯ ಬಾವಿಯ ರಾಟೆ ಕಿರುಗುಟ್ಟುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ, ಒದ್ದೆ ಹಗ್ಗದ ಒರಟು ಅಂಗೈಯಲ್ಲಿದೆ. ಆದರೆ ನಾನು ಹುಟ್ಟುವ ಎರಡು ವರ್ಷ ಮೊದಲೇ ಪಂಪು ಕೂರಿಸಿ, ರಾಟೆಯನ್ನು ಬಿಚ್ಚಿ ಅಟ್ಟಕ್ಕೆ ಹಾಕಲಾಗಿತ್ತು ಎಂದು ಸೋದರಮಾವ ಒಮ್ಮೆ ಮಾತಿನ ನಡುವೆ ಹೇಳಿದರು. ನಡುಮನೆಯ ಗೋಡೆಯಲ್ಲಿದ್ದ ಕಪ್ಪುಬಿಳುಪು ಫೋಟೊ ಮತ್ತು ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಸೇರಿ ಆ ರಾಟೆಯನ್ನು ನನ್ನೊಳಗೆ ಕಟ್ಟಿರಬೇಕು. ಸಂಗತಿ ಗೊತ್ತಾದ ಮೇಲೂ ಸದ್ದು ಮಾತ್ರ ಹೋಗಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ನೆನಪೆಂದರೆ ಪ್ರತಿಸಲವೂ ಹೊಸದಾಗಿ ಜೋಡಿಸಿಕೊಳ್ಳುವ ಕೆಲಸವೆಂದು ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದರು. ಜೋಡಿಸುವಾಗ ಕಂಡದ್ದು, ಕೇಳಿದ್ದು, ಊಹಿಸಿದ್ದು ಬೆರೆಯುತ್ತವೆ; ಯಾವ ತುಣುಕು ಎಲ್ಲಿಂದ ಬಂತೆಂಬ ಗುರುತು ಮೊದಲು ಅಳಿಸಿಹೋಗುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ವಯಸ್ಕರಿಗೆ, ಅವರ ಬಾಲ್ಯದ ಚಿತ್ರವನ್ನು ಬಿಸಿಗಾಳಿಯ ಬಲೂನಿನೊಳಗೆ ಅಂಟಿಸಿ ತಯಾರಿಸಿದ ನಕಲಿ ಫೋಟೊ ತೋರಿಸಲಾಯಿತು. ಮೂರು ಸಂದರ್ಶನಗಳು ಮುಗಿಯುವ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಜನ ಎಂದೂ ನಡೆಯದ ಆ ಪ್ರಯಾಣವನ್ನು ಅಷ್ಟೋ ಇಷ್ಟೋ ನೆನಪಿಸಿಕೊಂಡಿದ್ದರು. ಆದ್ದರಿಂದ ಹಿರಿಯರ ನೆನಪುಗಳನ್ನು ದಾಖಲಿಸಲು ಕೂರುವಾಗ ಆಲ್ಬಮ್ಮನ್ನು ಮೊದಲೇ ಬಿಚ್ಚಿಡಬೇಡಿ. ಅವರು ಹೇಳಿ ಮುಗಿಸಿದ ಮೇಲೆ ಫೋಟೊ ತೋರಿಸಿ, ಆಮೇಲೆ ಬಂದ ಮಾತುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ.

ಅತಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಪ್ರಶ್ನೆಯ ಪದಗಳಲ್ಲಿ. ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 150 ವಿದ್ಯಾರ್ಥಿಗಳು ಕಾರು ಅಪಘಾತದ ತುಣುಕುಚಿತ್ರವನ್ನು ನೋಡಿದರು. ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತೆಂದು 50 ಜನರನ್ನು, ‘ಹೊಡೆದಾಗ’ ಎಷ್ಟಿತ್ತೆಂದು ಇನ್ನು 50 ಜನರನ್ನು ಕೇಳಿ, ಉಳಿದವರನ್ನು ವೇಗದ ಬಗ್ಗೆ ಕೇಳದೆ ಬಿಡಲಾಯಿತು. ವಾರದ ನಂತರ, ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಿದಾಗ ಮೊದಲ ಗುಂಪಿನಲ್ಲಿ 16, ಎರಡನೆಯದರಲ್ಲಿ 7, ಮೂರನೆಯದರಲ್ಲಿ 6 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಕನ್ನಡದಲ್ಲಿ ಈ ಕೆಲಸವನ್ನು ಮಾಡಲು ಕ್ರಿಯಾಪದವೂ ಬೇಕಿಲ್ಲ, ಮಾತಿನ ಕೊನೆಯ ‘ಅಲ್ಲ’ ಸಾಕು. ‘ಅವನೂ ಅಲ್ಲಿದ್ದನಲ್ಲ, ಏನು ಮಾಡುತ್ತಿದ್ದ?’ ಎಂದು ಮಗುವನ್ನು ಕೇಳಿದರೆ, ಅವನು ಅಲ್ಲಿದ್ದನೆಂಬುದು ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ; ದೊಡ್ಡವರ ಮಾತನ್ನು ಅಲ್ಲಗಳೆಯಬಾರದೆಂದು ಕಲಿತ ಮಗು ಉತ್ತರವನ್ನು ಹುಡುಕಿಕೊಡುತ್ತದೆ. ‘ಅಲ್ಲಿ ಯಾರು ಯಾರಿದ್ದರು?’ ಎಂದಷ್ಟೇ ಕೇಳಿ. ಉತ್ತರವನ್ನು ಒಳಗಿಟ್ಟುಕೊಂಡ ಇಂಥ ಸೂಚಕ ಪ್ರಶ್ನೆಗಳನ್ನು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಗುರುತಿಸಿ, ಸಾಕ್ಷಿಯನ್ನು ಕರೆತಂದವರೇ ನಡೆಸುವ ಮುಖ್ಯ ವಿಚಾರಣೆಯಲ್ಲಿ, ಎದುರು ಪಕ್ಷದವರು ಆಕ್ಷೇಪಿಸಿದರೆ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳಬಾರದೆಂದು ವಿಧಿಸಿತ್ತು; ಎದುರು ಪಕ್ಷದವರು ನಡೆಸುವ ಪಾಟೀಸವಾಲಿನಲ್ಲಿ ಮಾತ್ರ ಅವಕಾಶ ಕೊಟ್ಟಿತ್ತು. ನಮ್ಮ ಮನೆಗಳ ವಿಚಾರಣೆ ಹೆಚ್ಚಾಗಿ ಪಾಟೀಸವಾಲಿನಿಂದಲೇ ಶುರುವಾಗುತ್ತದೆ.

ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳುವುದು ಇನ್ನೊಂದು ನಿಯಮ. ಒಂದೇ ಘಟನೆಯನ್ನು ಬೇರೆ ಬೇರೆ ಕೋನಗಳಿಂದ ತೋರಿಸುವ ವಿಡಿಯೊಗಳನ್ನು ನೋಡಿದ ಜೋಡಿಗಳನ್ನು ಪರಸ್ಪರ ಚರ್ಚೆಗೆ ಬಿಟ್ಟ 2003ರ ಪ್ರಯೋಗದಲ್ಲಿ, ಚರ್ಚಿಸಿದವರ ಪೈಕಿ ಶೇ. 71ರಷ್ಟು ಮಂದಿ ತಾವು ಕಾಣದ, ಜೊತೆಯವರಿಂದ ಕೇಳಿದ ಒಂದಾದರೂ ವಿವರವನ್ನು ತಮ್ಮ ಹೇಳಿಕೆಯಲ್ಲಿ ಸೇರಿಸಿದ್ದರು. ಹಾಗಾಗಿ ಚಹಾ ಅಂಗಡಿಯ ಮಾತುಕತೆಗೂ ವಾಟ್ಸ್ಆ್ಯಪ್ ಗುಂಪಿನ ವಿಡಿಯೊಗೂ ಮೊದಲೇ ಅವರವರ ಹೇಳಿಕೆ ಅವರವರ ಕಾಗದದಲ್ಲಿರಬೇಕು. ‘ಮೊದಲಿನಿಂದ ನಿಮಗೆ ನೆನಪಿರುವಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ’ ಎಂದು ಹೇಳಿ ಸುಮ್ಮನಾಗಿ. ನಡುವೆ ಮೌನ ಬಂದರೆ ತುಂಬಲು ಹೋಗಬೇಡಿ. ಮುಗಿದ ಮೇಲೆ ಒಂದೊಂದು ಮುಖ್ಯ ವಿವರವನ್ನೂ ಹಿಡಿದು, ಕಣ್ಣಾರೆ ಕಂಡದ್ದೋ, ಯಾರಾದರೂ ಹೇಳಿದ್ದೋ ಎಂದು ವಿಚಾರಿಸಿ. ಒಮ್ಮೆ ‘ಗೊತ್ತಿಲ್ಲ’ ಎಂದದ್ದನ್ನು ಮತ್ತೆ ಮತ್ತೆ ಕೆದಕಿದರೆ ಊಹೆಯೇ ನೆನಪಾಗಿ ಕೂರುವ ಸಾಧ್ಯತೆಯಿದೆ.

ಹೇಳುವವರ ಖಚಿತ ದನಿಯನ್ನು ಅಳತೆಗೋಲು ಮಾಡಿಕೊಳ್ಳಬಾರದು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಮನೋವಿಜ್ಞಾನಿ ಉಲ್ರಿಕ್ ನೈಸರ್, ವಿದ್ಯಾರ್ಥಿಗಳು ಆ ಸುದ್ದಿ ಕೇಳಿದ ಬಗೆಯನ್ನು ಅವರಿಂದಲೇ ಬರೆಸಿಕೊಂಡು, ಸುಮಾರು ಎರಡೂವರೆ ವರ್ಷಗಳ ಬಳಿಕ ನಿಕೋಲ್ ಹಾರ್ಶ್ ಅವರೊಂದಿಗೆ ಅದನ್ನೇ ಮತ್ತೆ ಕೇಳಿದರು. ಹಲವರು ಪೂರ್ಣ ವಿಶ್ವಾಸದಿಂದ ಬೇರೆಯದೇ ಜಾಗ, ಬೇರೆಯದೇ ಜನರನ್ನು ಹೇಳಿದರು. ತಮ್ಮದೇ ಕೈಬರಹವನ್ನು ಕಣ್ಣೆದುರು ಇಟ್ಟಾಗಲೂ ಮೊದಲಿನ ನೆನಪು ಮರಳಲಿಲ್ಲ.

ಹೇಳಿಕೆಯ ಮೇಲೆ ದಿನಾಂಕ, ಹೊತ್ತು, ಎದುರಿಗಿದ್ದವರ ಹೆಸರು, ನೀವು ಕೇಳಿದ ಪ್ರಶ್ನೆ ಇವಿಷ್ಟನ್ನೂ ಬರೆಯಿರಿ. ತಿಂಗಳ ನಂತರ ಅದೇ ವ್ಯಕ್ತಿ ಬಂದು ‘ಅದು ಹಾಗಲ್ಲ, ಹೀಗೆ’ ಎಂದರೆ ಹಳೆಯದನ್ನು ಹೊಡೆದುಹಾಕದೆ, ಕೆಳಗೆ ಗೆರೆಯೆಳೆದು ಹೊಸ ದಿನಾಂಕದೊಂದಿಗೆ ಹೊಸ ಮಾತನ್ನೂ ಬರೆದಿಡಿ.