ಸಂಗಾತಿ ದಿವಾಳಿಯಾಗಿದ್ದರೆ ನಿಮ್ಮ ಸಿಬಿಲ್ ಸ್ಕೋರ್ ಕಾಪಾಡಿಕೊಳ್ಳುವುದು ಹೇಗೆ?

ನೀವು ಮದುವೆಯಾಗಬೇಕೆಂದಿರುವವರು ಹಿಂದೆ ವ್ಯಾಪಾರಕ್ಕೆ ಇಳಿದು ಕೈ ಸುಟ್ಟುಕೊಂಡಿದ್ದಾರೆ. ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು ಎಲ್ಲ ಬಾಕಿ ಬಿದ್ದು, ಕೊನೆಗೆ ಬ್ಯಾಂಕಿನವರ ಜೊತೆ ಕೂತು ಇಷ್ಟಕ್ಕೆ ಮುಗಿಸೋಣ ಅಂತ ಸೆಟಲ್‌ಮೆಂಟ್ ಮಾಡಿಕೊಂಡಿದ್ದಾರೆ. ಮದುವೆಯಾದರೆ ನಿಮ್ಮ ಸಿಬಿಲ್ ಸ್ಕೋರೂ, ಅಂದರೆ ನೀವು ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಬ್ಯಾಂಕಿನವರು ನೋಡುವ ಅಂಕ, ಬೀಳುತ್ತಾ? ಇಲ್ಲ. ಈ ಲೆಕ್ಕ ನಡೆಯುವುದು ಮುಖ್ಯವಾಗಿ ಒಬ್ಬೊಬ್ಬರ ಪ್ಯಾನ್ ನಂಬರಿನ ಮೇಲೆ. ಮದುವೆಯಾದರೂ ಪ್ಯಾನ್ ಎರಡೇ, ಸಾಲದ ಇತಿಹಾಸ ಇರುವ ರಿಪೋರ್ಟೂ ಎರಡೇ. ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಕೊಂಡರೂ ಅದು ಬದಲಾಗುವುದಿಲ್ಲ. ತೊಂದರೆ ಶುರುವಾಗುವುದು ಇಬ್ಬರೂ ಸೇರಿ ಒಂದೇ ಸಾಲದ ಅರ್ಜಿಗೆ ಸಹಿ ಹಾಕಿದ ದಿನ.

ಮೊದಲು, ಆಗಿರುವುದೇನು ಅಂತ ತಿಳಿದುಕೊಳ್ಳಿ

ಪಾಪರ್ ಆದ ಅಂತ ಊರೆಲ್ಲ ಮಾತಾಡಿಕೊಂಡರೂ ಕೋರ್ಟು ದಿವಾಳಿ ಅಂತ ಘೋಷಿಸಿದೆ ಅಂತೇನಲ್ಲ. 2016ರ ದಿವಾಳಿ ಸಂಹಿತೆ ಬಂತಲ್ಲ, ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಗ್ಯಾರಂಟಿ ನಿಂತವರಿಗೆ ಮಾತ್ರ. ಮಾಮೂಲಿ ಸಾಲಗಾರರಿಗೆ ಬ್ರಿಟಿಷರ ಕಾಲದ, 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಹಾಗಾಗಿ ನೇರವಾಗಿಯೇ ಕೇಳಿ. ಕೋರ್ಟಿಗೆ ಅರ್ಜಿ ಹಾಕಿದ್ದೀರಾ? ಬ್ಯಾಂಕ್ ಕೇಸ್ ಹಾಕಿದೆಯಾ? ಸೆಟಲ್‌ಮೆಂಟ್ ಆಗಿದೆಯಾ? ಅಥವಾ ಸುಮ್ನೆ ಕಂತು ನಿಂತುಹೋಗಿದೆಯಾ? ನಾಲ್ಕಕ್ಕೂ ಪರಿಣಾಮ ಬೇರೆ ಬೇರೆ.

ರಿಪೋರ್ಟ್ ಜೊತೆಗೆ ಕೂತು ಓದಿ

ಇನ್ನೊಬ್ಬರ ರಿಪೋರ್ಟನ್ನು ನೀವು ತೆಗೆಯುವ ಹಾಗಿಲ್ಲ. ಅವರೇ ಲಾಗಿನ್ ಆಗಿ ತೆಗೆಯಬೇಕು. ಒಟಿಪಿ ಕೇಳಬೇಡಿ, ಕೊಡಲೂಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು, ಇದು ರಿಸರ್ವ್ ಬ್ಯಾಂಕ್ ನಿಯಮ. ಪೇಮೆಂಟ್ ಆ್ಯಪ್‌ನಲ್ಲಿ ಕಾಣುವ ಬರೀ ನಂಬರ್ ಸಾಲದು.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ಬ್ಯಾಂಕಿನವರು ನಗುನಗುತ್ತಾ ಮಾತಾಡಿಸುತ್ತಾರೆ. ಆದರೆ ನಂಬರಿಗಿಂತ ಒಳಗಿನ ಪುಟಗಳು ಜಾಸ್ತಿ ಮಾತಾಡುತ್ತವೆ. ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದು ಚೌಕ ಇರುತ್ತದೆ. 000 ಅಂದರೆ ಸರಿಯಾಗಿ ಕಟ್ಟಿದ್ದಾರೆ. ಮುಂದಿನ ಚೌಕದಲ್ಲಿ 031, ಆಮೇಲೆ 061, 092 ಅಂತ ಏರುತ್ತಾ ಹೋಗಿದ್ದರೆ ಅಷ್ಟು ದಿನ ಕಂತು ತಪ್ಪಿದೆ ಅಂತ ಅರ್ಥ. 90 ದಿನ ದಾಟಿದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಪಕ್ಕದಲ್ಲೇ ಸಾಲದ ಸ್ಥಿತಿ ಬರೆದಿರುತ್ತದೆ. ‘ಕ್ಲೋಸ್ಡ್’ ಇದ್ದರೆ ನಿರಾಳ. ‘ಸೆಟಲ್ಡ್’ ಅಂದರೆ ಬ್ಯಾಂಕ್ ಒಂದಿಷ್ಟು ದುಡ್ಡು ಬಿಟ್ಟುಕೊಟ್ಟಿದೆ. ‘ರಿಟನ್ ಆಫ್’ ಅಂದರೆ ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆದಿದೆ ಅಷ್ಟೇ, ಸಾಲ ಮಾಫಿ ಆಗಿಲ್ಲ. ಇದನ್ನೇ ‘ಎಲ್ಲ ಮುಗೀತು’ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಇಂಥ ದಾಖಲೆ ವರ್ಷಗಟ್ಟಲೆ ಉಳಿಯುತ್ತದೆ. ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ.

ಮನೆ ಸಾಲ: ಇಲ್ಲಿ ನಿಧಾನವಾಗಿ ಯೋಚಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಇಬ್ಬರ ಸಂಬಳ ಸೇರಿಸಿದರೆ ಜಾಸ್ತಿ ಸಾಲ ಸಿಗುತ್ತದೆ ಅಂತ ಜಂಟಿ ಅರ್ಜಿ ಹಾಕುತ್ತಾರೆ. ಬ್ಯಾಂಕ್ ಇಬ್ಬರ ರಿಪೋರ್ಟನ್ನೂ ನೋಡುತ್ತದೆ. ಒಬ್ಬರದ್ದು 790, ಇನ್ನೊಬ್ಬರದ್ದು 610 ಇದ್ದರೆ ಅರ್ಜಿ ಬಿದ್ದುಹೋಗಬಹುದು, ಇಲ್ಲವೇ ಬಡ್ಡಿ ಏರಬಹುದು. ಲೆಕ್ಕ ನೋಡಿ: 50 ಲಕ್ಷ ಸಾಲ, 20 ವರ್ಷ. ಬಡ್ಡಿ ಶೇ 8.5 ಆದರೆ ಇಎಂಐ ಸುಮಾರು 43,390 ರೂಪಾಯಿ. ಶೇ 9.25 ಆದರೆ 45,790. ತಿಂಗಳಿಗೆ 2,400 ಅಂದರೆ ಸಣ್ಣದು ಅನ್ನಿಸುತ್ತದೆ, ಅಲ್ವಾ? 20 ವರ್ಷಕ್ಕೆ 5.76 ಲಕ್ಷ.

ಹಾಗಾಗಿ ಸಾಲ ಕಮ್ಮಿ ಸಿಕ್ಕರೂ ಪರವಾಗಿಲ್ಲ, ಸ್ಕೋರ್ ಚೆನ್ನಾಗಿರುವವರೊಬ್ಬರೇ ಅರ್ಜಿ ಹಾಕಿ. ಆಗ ಮನೆಯೂ ಅವರೊಬ್ಬರ ಹೆಸರಿನಲ್ಲೇ ನೋಂದಣಿ ಆಗಲಿ. ಯಾಕೆಂದರೆ ಕ್ರಯಪತ್ರದಲ್ಲಿ ಹೆಸರಿರುವವರೆಲ್ಲ ಸಾಲದಲ್ಲೂ ಇರಬೇಕು ಅಂತ ಬ್ಯಾಂಕುಗಳು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತವೆ. ಇದಕ್ಕೆ ಅತ್ತೆ-ಮಾವ ಮುಖ ಗಂಟಿಕ್ಕಿಕೊಳ್ಳಬಹುದು. ಆ ಮಾತು ಮದುವೆಗೆ ಮುಂಚೆಯೇ ಆಗಿಬಿಡಲಿ.

ಇನ್ನೊಂದು ಮಾತು. ಜಂಟಿ ಸಾಲದಲ್ಲಿ ಅರ್ಧ ನಿಂದು, ಅರ್ಧ ನಂದು ಅನ್ನುವುದು ಬ್ಯಾಂಕಿಗೆ ಗೊತ್ತಿಲ್ಲ. ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ. ಒಂದು ಕಂತು ತಪ್ಪಿದರೆ ಇಬ್ಬರ ರಿಪೋರ್ಟಿನಲ್ಲೂ ಗುರುತು ಬೀಳುತ್ತದೆ. ಅವರ ಹಳೇ ಸಾಲಕ್ಕೆ ನಿಮ್ಮನ್ನು ಜಾಮೀನು ನಿಲ್ಲಿಸಲು ಬಂದರೆ ಖಡಾಖಂಡಿತವಾಗಿ ಬೇಡ ಅನ್ನಿ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರಷ್ಟೇ ಇರುತ್ತದೆ.

ಸ್ವಸಹಾಯ ಸಂಘ, ಮೈಕ್ರೊಫೈನಾನ್ಸ್ ಇದ್ದರೆ ಲೆಕ್ಕವೇ ಬೇರೆ

ಇಷ್ಟು ಹೊತ್ತು ‘ಇಬ್ಬರದ್ದೂ ಬೇರೆ ಬೇರೆ’ ಅಂದೆ. ಮೈಕ್ರೊಫೈನಾನ್ಸ್‌ನಲ್ಲಿ ಅದು ನಡೆಯುವುದಿಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ವರ್ಷದ ಆದಾಯ 3 ಲಕ್ಷದೊಳಗಿರುವ ಕುಟುಂಬಕ್ಕೆ ಈ ಸಾಲ. ಮನೆಯವರೆಲ್ಲರ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಅಂದರೆ ಗಂಡನ ತಲೆಮೇಲೆ ಆಗಲೇ ಕಂತಿನ ಹೊರೆ ಇದ್ದರೆ ಹೆಂಡತಿಗೆ ಸಿಗುವ ಸಾಲ ಕಮ್ಮಿಯಾಗುತ್ತದೆ, ಅವಳು ಒಂದು ರೂಪಾಯಿ ಬಾಕಿ ಇಟ್ಟಿರದಿದ್ದರೂ. ಹಳ್ಳಿ ಕಡೆ ಇದು ತುಂಬಾ ಮುಖ್ಯ.

ಕಾರವಾರ, ಖಾನಾಪುರದ ಕಡೆಯಿಂದ ಗೋವಾಕ್ಕೆ ಸಂಬಂಧ ಬೆಳೆಸುವವರೂ ಎಚ್ಚರ ವಹಿಸಿ. ಅಲ್ಲಿ ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆ ಇನ್ನೂ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ-ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಜಂಟಿ. ಅಲ್ಲಿನ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಖಾತೆ, ಆಸ್ತಿ, ವಸೂಲಿಯವರು

ಹಳೇ ಬಾಕಿ ಇರುವ ಬ್ಯಾಂಕಿನಲ್ಲೇ ಜಂಟಿ ಖಾತೆ ತೆರೆದು ನಿಮ್ಮ ಸಂಬಳ ಹಾಕಿಸಬೇಡಿ. ಆ ಖಾತೆಯ ಮೇಲೆ ಬ್ಯಾಂಕಿನ ಕಣ್ಣು ಬಿದ್ದರೆ ನಿಮ್ಮ ದುಡ್ಡನ್ನು ಬಿಡಿಸಿಕೊಳ್ಳಲು ನೀವೇ ಓಡಾಡಬೇಕು. ಸಾಲ ಕೊಟ್ಟವರ ಕೈಯಿಂದ ತಪ್ಪಿಸಲೆಂದು ಅವರ ಸೈಟನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ, ಅಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಮನೆಯವರನ್ನು ಹೆದರಿಸುವಂತೆಯೂ ಇಲ್ಲ. ಬ್ಯಾಂಕಿಗೆ ಬರೆದು ಕೊಟ್ಟರೂ ನಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ.

ಅವರ ಹೆಸರು ರಿಪೇರಿ ಮಾಡುವುದು

ದುಡ್ಡಿದ್ದರೆ, ಸೆಟಲ್‌ಮೆಂಟಿನಲ್ಲಿ ಬಿಟ್ಟಿದ್ದ ಮೊತ್ತವನ್ನು ಕಟ್ಟುತ್ತೇವೆ ಅಂತ ಬ್ಯಾಂಕಿಗೆ ಪತ್ರ ಕೊಡಿಸಿ. ಬ್ಯಾಂಕ್ ಒಪ್ಪಿದ್ದು ಬರಹದಲ್ಲಿ ಸಿಕ್ಕ ಮೇಲೆ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ಪಡೆದುಕೊಳ್ಳಿ. ಅಷ್ಟರಲ್ಲಿ ಸಣ್ಣ ಫಿಕ್ಸೆಡ್ ಡೆಪಾಸಿಟ್ ಇಟ್ಟು, ಅದರ ಮೇಲೆ ಸಿಗುವ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಲಿ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ಬಳಸಿ, ಬಿಲ್ ಪೂರ್ತಿ ಕಟ್ಟುತ್ತಾ ಹೋಗಲಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ರಿಪೋರ್ಟ್ ಕೊಡುವ ಕಂಪನಿಗಳಿಗೆ ಮಾಹಿತಿ ಕಳಿಸಬೇಕು. ಒಂದೆರಡು ತಿಂಗಳಾದರೂ ‘ಕ್ಲೋಸ್ಡ್’ ಅಂತ ಬರದಿದ್ದರೆ ರಿಪೋರ್ಟ್ ಕೊಟ್ಟ ಕಂಪನಿಗೇ ದೂರು ಹಾಕಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳಬಹುದು. ದೂರಿನ ನಂಬರ್ ಮಾತ್ರ ಜೋಪಾನ.