ಎರಡು ಮಳೆಗಾಲ, ಎರಡು ಪಾಸ್‌ಬುಕ್: ಅಂಗಡಿ ಬಿಡೋ ಲೆಕ್ಕ ನನಗೆ ಕೂಡಿ ಬಂದದ್ದು ಹೀಗೆ

ಮೋಟಾರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತುವ ಕೆಲಸ, ಮಾಡುವವನಿಗೆ ನಿವೃತ್ತಿಯ ದಿನವನ್ನು ಯಾರೂ ಗೊತ್ತು ಮಾಡಿ ಕೊಡುವುದಿಲ್ಲ. ಸರ್ಕಾರಿ ಕೆಲಸದವರಿಗೆ 60 ತುಂಬಿದ ತಿಂಗಳ ಕೊನೆಗೆ ಹಾರ ಹಾಕಿ ಕಳಿಸುತ್ತಾರೆ. ನಮ್ಮಂಥವರ ಅಂಗಡಿ ಕಣ್ಣು ಮಂಜಾದಾಗ, ಇಲ್ಲಾ ಸೊಂಟ ಹಿಡಿದಾಗ ತಾನಾಗಿ ಮುಚ್ಚುತ್ತದೆ. ನನಗೆ ಹಾಗೆ ಆಗುವುದು ಬೇಡವಾಗಿತ್ತು. ತೀರ್ಥಹಳ್ಳಿಯಲ್ಲಿ 33 ವರ್ಷ ಪಂಪ್‌ಸೆಟ್ಟಿಗೆ ಕಾಯಿಲ್ ಕಟ್ಟಿದೆ. ನಾನು ಕಟ್ಟಿದ ಮೋಟಾರ್ ಹತ್ತು ಹನ್ನೆರಡು ವರ್ಷ ಸುಡದೆ ಓಡಿದ್ದನ್ನು ಈ ಕಡೆಯ ತೋಟದವರು ಈಗಲೂ ಹೇಳುತ್ತಾರೆ. ಹೋದ ವರ್ಷ, 2025ರ ಜೂನ್‌ನಲ್ಲಿ, ಕೈ ಗಟ್ಟಿ ಇರುವಾಗಲೇ ಬಿಟ್ಟೆ.

ಭಾವ ಬೈದರು. "ದುಡಿಯೋ ಕೈ ಇರುವಾಗ ಯಾರಾದ್ರೂ ಅಂಗಡಿ ಬಿಡ್ತಾರೇನೋ?" ಅಂದರು. ಬೆಂಗಳೂರಲ್ಲಿರೋ ಅಳಿಯ ಕಂಪ್ಯೂಟರ್ ತೆಗೆದು, "ಮಾವ, ಇನ್ನೂ 40 ಲಕ್ಷ ಕಮ್ಮಿ ಇದೆ" ಅಂದ. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನ್ನ ಪದ್ಧತಿ ಸರಿ ಇತ್ತು ಅಂತ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಅಂಗಡಿ ನಡೆಸುತ್ತಾ ಇದೇ ಯೋಚನೆಯಲ್ಲಿರುವವರಿಗೆ ಉಪಯೋಗ ಆಗಬಹುದು.

ಪದ್ಧತಿ ಇಷ್ಟೇ. ಅಂಗಡಿ ಬಿಡುವ ಮೊದಲೇ, ಬಿಟ್ಟಿದ್ದೇನೆ ಅಂತ ಅಂದುಕೊಂಡು ಎರಡು ವರ್ಷ ಬದುಕಬೇಕು. ಅಂಗಡಿಯ ದುಡಿಮೆ ಪೂರ್ತಿ ಒಂದು ಪಾಸ್‌ಬುಕ್ಕಿಗೆ ಹೋಗಬೇಕು. ಅದನ್ನು ಮುಟ್ಟುವಂತಿಲ್ಲ. ಮುಂದೆ ಯಾವ ದುಡ್ಡು ಬರುತ್ತದೋ, ಅಂದರೆ ಬಡ್ಡಿ, ಬಾಡಿಗೆ, ತೋಟ, ಅಷ್ಟು ಮಾತ್ರ ಇನ್ನೊಂದಕ್ಕೆ. ಮನೆ ನಡೆಯಬೇಕಾದ್ದು ಅದರಲ್ಲೇ. ಅದು ಖಾಲಿಯಾದ ದಿನ ತಾಲೀಮು ಫೇಲು. ಮತ್ತೆ ಮೊದಲಿಂದ.

ನಾನು ಎರಡು ಸಲ ಫೇಲಾದೆ.

ಮೊದಲನೇದು 2021ರ ಜೂನ್. ಮನೆ ಖರ್ಚು ತಿಂಗಳಿಗೆ 18 ಸಾವಿರ ಅಂತ ನನ್ನ ಅಂದಾಜು. ಹೆಂಡತಿ ಅಂದೇ ಹೇಳಿದಳು, "ರೀ, ಅಷ್ಟಕ್ಕೆ ಆಗಲ್ಲ" ಅಂತ. ನಾನು ಕೇಳಲಿಲ್ಲ. ಆಗ ಕೈಯಲ್ಲಿ ಸುಮಾರು 26 ಲಕ್ಷ ಇತ್ತು, ಎಲ್ಲಾ ಬ್ಯಾಂಕ್ ಠೇವಣಿ. ಬಡ್ಡಿ ಐದೂವರೆ ಆಸುಪಾಸು ಇದ್ದ ಕಾಲ. ಅಕ್ಟೋಬರ್‌ನಲ್ಲೇ ಪಾಸ್‌ಬುಕ್ ತಳ ಕಂಡಿತು, ಅದೂ ದೀಪಾವಳಿಗೆ ಮುಂಚೆ.

ಎಲ್ಲಿ ಹೋಯಿತು ದುಡ್ಡು? ಅಂಗಡಿಯ ಕ್ಯಾಶ್ ಬುಕ್ಕನ್ನೂ ಮನೆ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಭಾನುವಾರ ಕೂತೆ. ಆಗ ಗೊತ್ತಾಯಿತು. ನನ್ನ ಮೊಬೈಲ್ ಬಿಲ್ಲು ಅಂಗಡಿದು. ಸ್ಕೂಟರ್ ಪೆಟ್ರೋಲು ಅಂಗಡಿದು. ಬೆಳಗ್ಗೆ, ಸಂಜೆ ಟೀ, ಹತ್ತು ಗಂಟೆಯ ಇಡ್ಲಿ, ಪೇಪರ್ರು, ಮನೆಗೆ ಒಯ್ದ ಬಲ್ಬು, ವೈರು, ಮಗಳು ಬಂದಾಗ ತಂದ ಹಣ್ಣು, ಎಲ್ಲಾ ಗಲ್ಲಾದಿಂದ ಹೋದದ್ದು. ತಿಂಗಳಿಗೆ 4 ಸಾವಿರದ ಹತ್ತಿರ. ಅಂಗಡಿ ನಿಂತ ಮಾರನೇ ದಿನ ಇಷ್ಟೂ ಮನೆಯ ತಲೆ ಮೇಲೆ ಬರುತ್ತದೆ. ಸಂಬಳದವರಿಗೆ ಈ ತೊಂದರೆ ಇಲ್ಲ. ಅಂಗಡಿಯವರೇ, ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ. ಗಲ್ಲಾ ನಮ್ಮನ್ನು ಎಷ್ಟು ಸಾಕುತ್ತಿದೆ ಅಂತ ನಮಗೇ ಗೊತ್ತಿರುವುದಿಲ್ಲ.

ಇನ್ನೊಂದು, ವರ್ಷಕ್ಕೊಮ್ಮೆ ಬರುವ ಖರ್ಚು. ಮಳೆ ಹಿಡಿಯೋ ಮುಂಚೆ ಹಂಚು ಕೈಯಾಡಿಸಬೇಕು, ಟಾರ್ಪಾಲು ತರಬೇಕು, ಕಟ್ಟಿಗೆ ಒಟ್ಟಬೇಕು, ನಾಲ್ಕು ತಿಂಗಳ ಸಾಮಾನು ತುಂಬಬೇಕು. ಆಮೇಲೆ ಹಬ್ಬ, ಎಳ್ಳಮಾವಾಸ್ಯೆ ಜಾತ್ರೆಗೆ ಬರೋ ನೆಂಟರು, ಬೇಸಿಗೆಯಲ್ಲಿ ಮದುವೆಗಳ ಮುಯ್ಯಿ. ಇದನ್ನೆಲ್ಲ ಬಿಡಿಬಿಡಿಯಾಗಿ ನೋಡಿದರೆ ದೊಡ್ಡದಲ್ಲ. ಕೂಡಿದರೆ ವರ್ಷಕ್ಕೆ 70 ಸಾವಿರ. ಮುಯ್ಯಿಯದ್ದೇ 20 ಸಾವಿರದ ಮೇಲೆ. ಮುಯ್ಯಿ ಹೇಗೆ ಹತೋಟಿಗೆ ತಂದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ನೆಂಟರು ಓದುತ್ತಾರೆ.

ಅದಕ್ಕೇ ತಾಲೀಮನ್ನು ಜನವರಿಯಿಂದಲೋ ಏಪ್ರಿಲ್‌ನಿಂದಲೋ ಶುರು ಮಾಡಬೇಡಿ ಅಂತ ನಾನು ಹೇಳುವುದು. ಮಲೆನಾಡಿನ ಮನೆಗೆ ವರ್ಷ ಶುರುವಾಗುವುದು ಮೃಗಶಿರಾ ಮಳೆಗೆ. ಜೂನ್‌ನಿಂದ ಮೇ. ಒಂದು ಮಳೆಗಾಲ ಸಾಲದು, ಎರಡು ಕಳೆಯಬೇಕು. ಒಂದು ವರ್ಷ ಹಂಚು ಒಡೆಯದೇ ಇರಬಹುದು. ಎರಡನೇ ವರ್ಷ ಒಡೆಯುತ್ತದೆ.

ಮುಂದಿನ ಮೇ ತನಕ ಬರೀ ಬರೆದಿಟ್ಟೆ. ನಿಜವಾದ ಖರ್ಚು ತಿಂಗಳಿಗೆ 27 ಸಾವಿರ ಬಂತು.

ಎರಡನೇ ತಾಲೀಮು 2022ರ ಜೂನ್. ಇದು ಚೆನ್ನಾಗಿಯೇ ನಡೆಯಿತು, ಎಂಟು ತಿಂಗಳು. ಫೆಬ್ರವರಿಯಲ್ಲಿ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಬಿಲ್ಲು 1 ಲಕ್ಷ 15 ಸಾವಿರ. ಇನ್ಶೂರೆನ್ಸ್ ಇತ್ತು, 3 ಲಕ್ಷದ್ದು. ಪೂರ್ತಿ ಸಿಗುತ್ತದೆ ಅಂತ ನಿಶ್ಚಿಂತೆಯಿಂದ ಇದ್ದೆ. ಬಂದದ್ದು 70 ಸಾವಿರದ ಹತ್ತಿರ. ರೂಮ್ ಬಾಡಿಗೆಗೆ ಪಾಲಿಸಿಯಲ್ಲಿ ಮಿತಿ ಇತ್ತು. ನಾವು ತಗೊಂಡ ರೂಮು ಅದಕ್ಕಿಂತ ಜಾಸ್ತಿದು. ಹಾಗಾದಾಗ ರೂಮಿನ ವ್ಯತ್ಯಾಸ ಮಾತ್ರ ಹಿಡಿಯುವುದಿಲ್ಲ, ಡಾಕ್ಟರ್ ಫೀಸು, ಆಪರೇಷನ್ ಚಾರ್ಜು ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. 45 ಸಾವಿರ ಕೈಯಿಂದ ಹೋಯಿತು. ಪಾಸ್‌ಬುಕ್ ಖಾಲಿ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಬದಲಾಯಿಸಿದೆ. ಪ್ರೀಮಿಯಂ ಜಾಸ್ತಿ, ಆದರೆ ಕೊಡಲೇಬೇಕು. ಜೊತೆಗೆ ಆಸ್ಪತ್ರೆಗೆ ಅಂತಲೇ 6 ಲಕ್ಷದ ಠೇವಣಿ ಬೇರೆ ಇಟ್ಟೆ. ಅದರ ಬಡ್ಡಿಯನ್ನು ಮನೆ ಲೆಕ್ಕಕ್ಕೆ ತರುವುದಿಲ್ಲ.

ಇಲ್ಲೇ ಒಂದು ಹಳೇ ಗಾಯ ಹೇಳಿಬಿಡುತ್ತೇನೆ. ಈ ತಾಲೀಮುಗಳಿಗೆಲ್ಲ ಮುಂಚೆ, ಒಂದು ಚೀಟಿಯಲ್ಲಿ 2 ಲಕ್ಷ 40 ಸಾವಿರ ಕಳಕೊಂಡೆ. ನಡೆಸುತ್ತಿದ್ದವನು ಪರಿಚಯದವನೇ. ಒಂದು ಬೇಸಿಗೆಯ ಪೂರ್ತಿ ದುಡಿಮೆ, ಅದೂ ರಾತ್ರಿ ಹತ್ತರವರೆಗೆ ವಾರ್ನಿಷ್ ಹೊಗೆಯಲ್ಲಿ ಕೂತು ದುಡಿದದ್ದು. ಅಂದಿನಿಂದ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಆಸೆ ಪಟ್ಟವನಲ್ಲ.

ಮೂರನೇ ತಾಲೀಮಿಗೆ ಎರಡು ಅನುಕೂಲ ಆದವು. ಒಂದು, ಮಾರದೇ ಇಟ್ಟಿದ್ದ ಸೈಟು 14 ಲಕ್ಷಕ್ಕೆ ಹೋಯಿತು. ಎರಡು, 2023ರ ಮೇ ತಿಂಗಳಲ್ಲಿ ನನಗೆ 60 ತುಂಬಿತು. ಆ ಏಪ್ರಿಲ್‌ನಲ್ಲಷ್ಟೇ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತ್ತು, ಬಡ್ಡಿ 8.2. ಅಂಚೆ ಕಚೇರಿಯಲ್ಲಿ 20 ಲಕ್ಷ ಹಾಕಿದೆ. ಮೂರು ತಿಂಗಳಿಗೊಮ್ಮೆ 41 ಸಾವಿರ. ಹೆಂಡತಿ ಹೆಸರಲ್ಲಿ ಮಾಸಿಕ ಆದಾಯ ಯೋಜನೆಗೆ 9 ಲಕ್ಷ, 7.4ರಂತೆ ತಿಂಗಳಿಗೆ 5,550. ಷೇರು ಸೂಚ್ಯಂಕದ ಜೊತೆ ಏರಿಳಿಯುವ ಇಂಡೆಕ್ಸ್ ಫಂಡಿನಲ್ಲಿ 9 ಲಕ್ಷ ಇದೆ. ಅದರ ಕೆಲಸ ಆಮೇಲೆ ಹೇಳುತ್ತೇನೆ.

ಅಂಗಡಿ ಮಳಿಗೆ ನನ್ನದೇ. ಬಿಟ್ಟ ಮೇಲೆ ಬಾಡಿಗೆ ಬರುತ್ತದಲ್ವಾ? ಹಾಗಾಗಿ ಎರಡು ವರ್ಷ ನನ್ನ ಅಂಗಡಿಗೆ ನಾನೇ ಬಾಡಿಗೆ ಕೊಟ್ಟೆ. ಪ್ರತಿ 5ನೇ ತಾರೀಕು ಅಂಗಡಿ ಪಾಸ್‌ಬುಕ್ಕಿನಿಂದ ಮನೆ ಪಾಸ್‌ಬುಕ್ಕಿಗೆ 6 ಸಾವಿರ. ಬ್ಯಾಂಕಿನ ಹುಡುಗಿ ಮೊದಲು ವಿಚಿತ್ರವಾಗಿ ನೋಡಿದಳು, ಆಮೇಲೆ ಅವಳಿಗೂ ಅಭ್ಯಾಸವಾಯಿತು.

ತೋಟದ ಲೆಕ್ಕದಲ್ಲೇ ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು. ನನಗಿರುವುದು ಒಂದು ಎಕರೆ ಹತ್ತು ಗುಂಟೆ. ಒಳ್ಳೇ ವರ್ಷ ಏಳು ಕ್ವಿಂಟಲ್ ಕೆಂಪಡಿಕೆ. ರಾಶಿಗೆ (ಕೆಂಪಡಿಕೆಯ ಒಂದು ದರ್ಜೆ) ಕ್ವಿಂಟಲ್‌ಗೆ 50 ಸಾವಿರ ಅಂತ ಗುಣಿಸಿ "ಮೂರೂವರೆ ಲಕ್ಷ, ಇನ್ನೇನು ಬೇಕು" ಅಂತ ಅಂಗಡಿ ಬಿಟ್ಟವರನ್ನು ನೋಡಿದ್ದೇನೆ. 2014ರಲ್ಲಿ ರಾಶಿ 80 ಸಾವಿರ ಮುಟ್ಟಿದ್ದು ನೆನಪಿದೆ. ಒಂದೆರಡು ವರ್ಷದಲ್ಲೇ 25 ಸಾವಿರದ ಆಸುಪಾಸಿಗೆ ಬಿದ್ದದ್ದೂ ನೆನಪಿದೆ. ಬೋರ್ಡೋ ಔಷಧಿ ಎರಡು ಸಲ ಹೊಡೆದರೂ ಮಳೆ ಬಿಡುವು ಕೊಡದಿದ್ದರೆ ಕೊಳೆರೋಗ ಬರುತ್ತದೆ. ಈಗ ಆಗುಂಬೆ, ಹೊಸನಗರ ಕಡೆಯಿಂದ ಎಲೆಚುಕ್ಕೆ ರೋಗದ ಕಾಟ ಬೇರೆ. ಅದಕ್ಕೆ ನಾನು ಹಿಡಿದದ್ದು ನಾಲ್ಕು ಕ್ವಿಂಟಲ್, 30 ಸಾವಿರದ ರೇಟು. 1 ಲಕ್ಷ 20 ಸಾವಿರ. ಔಷಧಿ, ಗೊಬ್ಬರ, ಗೊನೆ ಇಳಿಸುವ ಕೊನೆಗೌಡನ ಕೂಲಿ, ಸುಲಿಸಿದ್ದು, ಬೇಯಿಸಿದ್ದು 70 ಸಾವಿರ ಕಳೆದರೆ ವರ್ಷಕ್ಕೆ 50 ಸಾವಿರ. ಎಷ್ಟೇ ಬರಲಿ, ಮನೆ ಪಾಸ್‌ಬುಕ್ಕಿಗೆ ಹೋದದ್ದು ಅಷ್ಟೇ. ಹೆಚ್ಚಿಗೆ ಬಂದದ್ದೆಲ್ಲ ಇಂಡೆಕ್ಸ್ ಫಂಡಿಗೆ. ಒಂದು ವರ್ಷ ಖೇಣಿಗೆ, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ, ಕೊಟ್ಟೂ ನೋಡಿದೆ. ತಲೆಬಿಸಿ ಇಲ್ಲ, ಆದರೆ ನನ್ನ ಮರದ ಫಸಲನ್ನು ಖೇಣಿದಾರ ನನಗಿಂತ ಚೆನ್ನಾಗಿ ಎಣಿಸಿದ್ದ. ಮತ್ತೆ ಕೊಡಲಿಲ್ಲ. ಅಡಿಕೆಯನ್ನು ಮಂಡಿಗೆ ಯಾವಾಗ ಬಿಡುತ್ತೇನೆ ಅನ್ನುವುದಕ್ಕೆ ನನ್ನದೇ ಒಂದು ಗುರುತು ಇದೆ, ಅದು ನನ್ನ ಹತ್ತಿರವೇ ಇರಲಿ.

ಕೂಡಿಸಿದರೆ ವರ್ಷಕ್ಕೆ 3 ಲಕ್ಷ 52 ಸಾವಿರ ಚಿಲ್ಲರೆ. ಖರ್ಚಿಗೆ ತಿಂಗಳಿಗೆ 29 ಸಾವಿರ ಇಟ್ಟುಕೊಂಡೆ, ಹೊಸ ಇನ್ಶೂರೆನ್ಸ್ ಸೇರಿ. ಲೆಕ್ಕ ಬಿಗಿಯಾಯಿತು, ಆದರೆ ನಿಂತಿತು.

ಅಲ್ಲೂ ಒಂದು ತಪ್ಪು ಮಾಡಿದೆ. ನನಗೆ ತೆರಿಗೆ ಬೀಳುವುದಿಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ ಅಂತ ಹಿರಿಯರು ಕೊಡಬೇಕಿದ್ದ ಫಾರಂ 15ಎಚ್ ಕೊಡಲು ಮರೆತಿದ್ದೆ. ಅಕ್ಟೋಬರ್‌ನಲ್ಲಿ 41 ಸಾವಿರ ಬರಬೇಕಾದಲ್ಲಿ 36,900 ಬಂತು, ಹತ್ತು ಪರ್ಸೆಂಟ್ ಟಿಡಿಎಸ್ ಅಂತ ತೆರಿಗೆಯನ್ನು ಮೊದಲೇ ಹಿಡಿದಿದ್ದರು. ರಿಟರ್ನ್ ಹಾಕಿ ವಾಪಸ್ ತಗೊಂಡೆ, ಆದರೆ ಅದು ಬರುವಷ್ಟರಲ್ಲಿ ಮುಂದಿನ ಮಳೆಗಾಲ ಬಂದಿತ್ತು. ಆಮೇಲೆ ಏಪ್ರಿಲ್ ಮೊದಲ ವಾರವೇ ಮರೆಯದೆ ಕೊಟ್ಟೆ.

ಅಳಿಯನ 40 ಲಕ್ಷದ ವಿಷಯಕ್ಕೆ ಬರುತ್ತೇನೆ. ಅವನದ್ದು 25 ಪಟ್ಟಿನ ಲೆಕ್ಕ. ವರ್ಷದ ಖರ್ಚಿನ 25 ಪಟ್ಟು ಗಂಟು ಇರಬೇಕು, ವರ್ಷಕ್ಕೆ ನಾಲ್ಕು ಪರ್ಸೆಂಟ್ ತೆಗೆದುಕೊಂಡು, ಬೆಲೆ ಏರಿದಂತೆ ಏರಿಸುತ್ತಾ ಹೋಗುವುದು. 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಅನ್ನುವವರು ಅಲ್ಲಿನ ಷೇರು, ಬಾಂಡುಗಳ ಹಳೇ ಅಂಕಿ ನೋಡಿ, 30 ವರ್ಷ ಬಾಳಬೇಕು ಅಂತ ಹಾಕಿದ ಲೆಕ್ಕ ಅದು. ಅದರಂತೆ ನನಗೆ 87 ಲಕ್ಷ ಬೇಕು, ಇರುವುದು 44. ಅವನು ಮಳಿಗೆಯನ್ನೂ ತೋಟವನ್ನೂ ಹಿಡಿದಿರಲಿಲ್ಲ. ಅವೆರಡೇ ವರ್ಷಕ್ಕೆ 1 ಲಕ್ಷ 22 ಸಾವಿರ ಕೊಡುತ್ತವೆ. ಅದನ್ನು ಕಳೆದರೂ 56 ಲಕ್ಷ ಬೇಕಾಗುತ್ತದೆ ಅಂತ ಅವನ ವಾದ. ಅವನು ಹೇಳಿದ್ದರಲ್ಲಿ ಒಂದು ಮಾತು ನಾಟಿತು: "ಬಡ್ಡಿ ಏರಲ್ಲ ಮಾವ, ಅಕ್ಕಿ ರೇಟ್ ಏರುತ್ತೆ." ಅದಕ್ಕೇ ಇಂಡೆಕ್ಸ್ ಫಂಡನ್ನು ಬೇರೆ ಕಟ್ಟಿಟ್ಟದ್ದು. ಜೂನ್‌ಗೊಮ್ಮೆ, ಹಿಂದಿನ ವರ್ಷಕ್ಕಿಂತ ಖರ್ಚು ಎಷ್ಟು ಏರಿದೆಯೋ ಅಷ್ಟು ಮಾತ್ರ ಅದರಿಂದ ತೆಗೆಯುವುದು. ಎರಡನೇ ವರ್ಷ ತೆಗೆದದ್ದು 18 ಸಾವಿರ. ಅದೇ ವರ್ಷ ತೋಟದಿಂದ ಅದಕ್ಕೆ ವಾಪಸ್ ಹೋದದ್ದು ಒಂದು ಲಕ್ಷದ ಮೇಲೆ.

ತಾಲೀಮಿನ ಮಧ್ಯೆ ಕೆಲವು ಪ್ರಯೋಗ ಮಾಡಿದೆ. ಸೋಲಾರ್ ವಾಟರ್ ಹೀಟರ್ ಹಾಕಿಸಲು ಹೊರಟವನು ಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್ ನಮಗೆ ಬಿಸಿಲೇ ಇಲ್ಲ, ಬಿಸಿನೀರು ಬೇಕಾದದ್ದೇ ಆವಾಗ. ಬದಲಿಗೆ ಹಳೇ ಹಂಡೆ ಒಲೆ ರಿಪೇರಿ ಮಾಡಿಸಿದೆ. ಅಡಿಕೆ ಸಿಪ್ಪೆ, ಒಣ ಹಾಳೆ ಹೇಗೂ ತೋಟದಲ್ಲಿ ಬಿದ್ದಿರುತ್ತವೆ. 45 ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ 65 ದಿನ ಬಂತು.

ಇನ್ನೊಂದು ಪ್ರಯೋಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. 2024ರ ಆಗಸ್ಟ್‌ನಲ್ಲಿ ಹೇಗೂ ಕೆಲಸ ಕಮ್ಮಿ ಅಂತ ಅಂಗಡಿಯನ್ನು ಹುಡುಗನಿಗೆ ಬಿಟ್ಟು ಇಪ್ಪತ್ತು ದಿನ ಮನೆಯಲ್ಲಿ ಕೂತೆ. ಖರ್ಚು ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆ, ಜಾಸ್ತಿಯಾಯಿತು. ಹೊತ್ತು ಹೋಗದೆ ಸುಮ್ನೆ ಪೇಟೆಗೆ ಹೋಗುವುದು, ಏನೋ ಒಂದು ತರುವುದು, ಶಿವಮೊಗ್ಗಕ್ಕೆ ಬಸ್ ಹತ್ತುವುದು. ಇಪ್ಪತ್ತು ದಿನಕ್ಕೆ 3 ಸಾವಿರ ಮೇಲೆ ಬಿತ್ತು. ಸೆಪ್ಟೆಂಬರ್‌ನಲ್ಲೇ ತೋಟದ ಕೆಳಗಿನ ಭಾಗದಲ್ಲಿ 60 ಕಾಳುಮೆಣಸಿನ ಬಳ್ಳಿ ನೆಟ್ಟೆ. ಬೆಳಗಿನ ಹೊತ್ತು ಅಲ್ಲೇ ಕಳೆಯುತ್ತದೆ. ಅದರ ಆದಾಯ ಲೆಕ್ಕಕ್ಕೆ ಹಿಡಿದಿಲ್ಲ.

2025ರ ಮೇ 31ಕ್ಕೆ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಉಳಿಕೆ 17 ಸಾವಿರ ಚಿಲ್ಲರೆ. ಮನೆಗೆ ತಂದು ಹೆಂಡತಿ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಕೊನೆಯ ಪುಟ ಎರಡು ಸಲ ನೋಡಿ, "ಈಗ ಸರಿ" ಅಂದಳು. ಭಾವ ಏನೂ ಹೇಳಲಿಲ್ಲ, ಆದರೆ ಹೋದ ತಿಂಗಳು ಅವರೂ ಎರಡನೇ ಪಾಸ್‌ಬುಕ್ ಮಾಡಿಸಿದ್ದಾರೆ ಅಂತ ಅಕ್ಕ ಹೇಳಿದಳು.

ಅಂಗಡಿಯನ್ನು ಹನ್ನೊಂದು ವರ್ಷ ಜೊತೆಗಿದ್ದ ಹುಡುಗನಿಗೇ ಬಾಡಿಗೆಗೆ ಕೊಟ್ಟೆ. ತಿಂಗಳಿಗೆ 6 ಸಾವಿರ, ಅಡ್ವಾನ್ಸ್ 60 ಸಾವಿರ. ವೈಂಡಿಂಗ್ ಮೆಷಿನ್‌ಗೆ ದುಡ್ಡು ತಗೊಳ್ಳಲಿಲ್ಲ. "ಅಣ್ಣ, ಬೋರ್ಡ್ ನಿಮ್ಮ ಹೆಸರಲ್ಲೇ ಇರಲಿ" ಅಂದ. ಇರಲಿ ಅಂದೆ. ಅಡ್ವಾನ್ಸ್ ದುಡ್ಡು ಆಸ್ಪತ್ರೆ ಠೇವಣಿಗೆ ಹೋಯಿತು.