ನಿವೃತ್ತಿಯ ನಂತರ ಪಿಪಿಒದಲ್ಲಿ ಮಗಳ ಹೆಸರು ಸೇರಿಸಿದ ಬಗೆ

ಬ್ಯಾಂಕಿನಲ್ಲಿ ನಾಮಿನಿ ಬದಲಿಸಿದರೆ ಕುಟುಂಬ ಪಿಂಚಣಿಯೂ ಅವರಿಗೇ ಹೋಗುತ್ತದೆ ಎಂದು ನಂಬಿರುವ ನಿವೃತ್ತರು ಬಹಳ ಮಂದಿ. ಹಾಗಾಗುವುದಿಲ್ಲ. ನಮೂನೆ ಎ ತುಂಬಿ ಕೊಡುವ ನಾಮನಿರ್ದೇಶನ, ಪಿಂಚಣಿದಾರರು ತೀರಿಕೊಂಡಾಗ ಉಳಿದಿರುವ ಬಾಕಿ ಹಣಕ್ಕೆ ಮಾತ್ರ. ಕೇಂದ್ರ ಸರ್ಕಾರದ ಸಿವಿಲ್ ಪಿಂಚಣಿದಾರರಾದ ನಮಗೆ, ಕುಟುಂಬ ಪಿಂಚಣಿ ಯಾರಿಗೆ ಎಂಬುದನ್ನು 2021ರ ಪಿಂಚಣಿ ನಿಯಮಗಳ 50ನೇ ನಿಯಮ ತೀರ್ಮಾನಿಸುತ್ತದೆ. ಮೊದಲು ಗಂಡ ಅಥವಾ ಹೆಂಡತಿ, ನಂತರ 25 ತುಂಬದ ಮಕ್ಕಳು, ಅವರ ನಂತರ ದುಡಿಯಲಾಗದ ವಿಶೇಷಚೇತನ ಮಗು, ಆಮೇಲೆ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳು. ಉಯಿಲು ಬರೆದರೂ ಈ ಸರದಿ ಬದಲಾಗದು. ನಮ್ಮ ಕೈಯಲ್ಲಿರುವುದು ದಾಖಲೆ. ಅದನ್ನು ನಾವು ಬದುಕಿರುವಾಗಲೇ ಸರಿಪಡಿಸಿದರೆ ನಂತರದವರ ಅಲೆದಾಟ ತಪ್ಪುತ್ತದೆ.

ನನ್ನ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಹೆಂಡತಿಯ ಹೆಸರಷ್ಟೇ ಇತ್ತು. ಬೌದ್ಧಿಕ ಅಂಗವೈಕಲ್ಯವಿರುವ ಮಗಳ ಹೆಸರನ್ನು ಸೇರಿಸಬೇಕಿತ್ತು. ಅರ್ಜಿ ಹೋಗಬೇಕಾದದ್ದು ಬ್ಯಾಂಕಿಗಲ್ಲ, ನಿವೃತ್ತಿಯಾದ ಕಚೇರಿಯ ಮುಖ್ಯಸ್ಥರಿಗೆ. ಅಲ್ಲಿಂದ ವೇತನ ಮತ್ತು ಲೆಕ್ಕ ಕಚೇರಿಗೆ, ಅಲ್ಲಿಂದ ಕೇಂದ್ರೀಯ ಪಿಂಚಣಿ ಲೆಕ್ಕ ಕಚೇರಿಗೆ, ಕೊನೆಗೆ ವಿಶೇಷ ಮುದ್ರೆಯ ಆದೇಶದೊಂದಿಗೆ ಬ್ಯಾಂಕಿನ ಸಿಪಿಪಿಸಿಗೆ, ಅಂದರೆ ಅದರ ಕೇಂದ್ರೀಕೃತ ಪಿಂಚಣಿ ಸಂಸ್ಕರಣಾ ಕೇಂದ್ರಕ್ಕೆ. ಆ ಆದೇಶವಿಲ್ಲದೆ ಬ್ಯಾಂಕ್ ಒಂದಕ್ಷರವನ್ನೂ ತಿದ್ದುವಂತಿಲ್ಲ. ಶಾಖೆಯ ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ.

ನಾನು ಲಗತ್ತಿಸಿದ್ದು ಇಷ್ಟು: ಪಿಪಿಒ ಸಂಖ್ಯೆ ನಮೂದಿಸಿದ ಮನವಿ ಪತ್ರ, ಹೊಸದಾಗಿ ತುಂಬಿದ ನಮೂನೆ 4 ಅಂದರೆ ಕುಟುಂಬದ ವಿವರ, ಮಗಳ ಜನನ ಪ್ರಮಾಣಪತ್ರ, ಆಧಾರ್, ಭಾವಚಿತ್ರ, ವೈದ್ಯಕೀಯ ಪ್ರಮಾಣಪತ್ರ, ನಮ್ಮಿಬ್ಬರ ನಂತರ ಅವಳ ಪೋಷಕರು ಯಾರು ಎಂಬ ನಾಮನಿರ್ದೇಶನ. ಪ್ರತಿಯೊಂದರ ನಕಲಿನ ಮೇಲೂ ಪಿಪಿಒ ಸಂಖ್ಯೆ ಬರೆದಿಟ್ಟೆ. ಕಾಗದಗಳು ಒಂದರಿಂದ ಇನ್ನೊಂದು ಬೇರ್ಪಟ್ಟರೂ ಯಾರದ್ದೆಂದು ಗೊತ್ತಾಗಬೇಕು.

ಕಡತ ಸಿಕ್ಕಿಕೊಳ್ಳುವುದು ಹೆಚ್ಚಾಗಿ ವೈದ್ಯಕೀಯ ಪ್ರಮಾಣಪತ್ರದಲ್ಲಿ. ‘75 ಶೇಕಡಾ ಅಂಗವೈಕಲ್ಯ’ ಎಂದಷ್ಟೇ ಇದ್ದರೆ ಸಾಲದು. ಈ ಸ್ಥಿತಿಯಿಂದ ಜೀವನೋಪಾಯಕ್ಕೆ ದುಡಿಯಲು ಸಾಧ್ಯವಿಲ್ಲ ಎಂಬ ಮಾತು ಸ್ಪಷ್ಟವಾಗಿರಬೇಕು. ಶಾಶ್ವತವೋ ತಾತ್ಕಾಲಿಕವೋ ಎಂಬುದನ್ನೂ ಬರೆಸಿಕೊಳ್ಳಿ. ಶಾಶ್ವತ ಎಂದಿದ್ದರೆ ಪ್ರಮಾಣಪತ್ರ ಒಮ್ಮೆ ಸಾಕು, ತಾತ್ಕಾಲಿಕ ಎಂದಿದ್ದರೆ ಐದು ವರ್ಷಕ್ಕೊಮ್ಮೆ ಹೊಸದು ಬೇಕು.

ಎರಡನೆಯ ತೊಡಕು ನಮ್ಮ ಇನಿಷಿಯಲ್‌ಗಳದ್ದು. ಪಿಪಿಒದಲ್ಲಿ ಹೆಂಡತಿಯ ಹೆಸರು ತಂದೆಯ ಇನಿಷಿಯಲ್ ಜೊತೆ, ಆಧಾರಿನಲ್ಲಿ ಗಂಡನ ಹೆಸರಿನ ಜೊತೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಒಬ್ಬರೇ ಮನುಷ್ಯ, ಕಂಪ್ಯೂಟರಿಗೆ ಮೂವರು. ಮಗಳ ಹೆಸರು ಸೇರಿಸುವ ಅದೇ ಅರ್ಜಿಯಲ್ಲಿ ಇದನ್ನೂ ಸರಿಪಡಿಸಲು ಕೇಳಿಬಿಡಿ. ಹೆಂಡತಿಯ ಜನ್ಮದಿನಾಂಕವನ್ನೂ ನೋಡಿಕೊಳ್ಳಿ, 80 ತುಂಬಿದ ಮೇಲೆ ಸಿಗುವ ಹೆಚ್ಚುವರಿ ಪಿಂಚಣಿಗೆ ಆಧಾರ ಅದೇ.

ಆದಾಯದ ಮಿತಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಕುಟುಂಬ ಪಿಂಚಣಿ ಸಿಗಲು ಉಳಿದ ಮಕ್ಕಳ ಸ್ವಂತ ಆದಾಯದ ಮಿತಿ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರ (ಡಿಆರ್). ವಿಶೇಷಚೇತನ ಮಗುವಿಗೆ 2021ರ ಫೆಬ್ರವರಿಯ ಆದೇಶದಿಂದ ಈ ಮಿತಿ ಸಡಿಲವಾಗಿದೆ: ಕೊನೆಯ ಮೂಲವೇತನದ ಶೇ. 30 ಮತ್ತು ತುಟ್ಟಿ ಪರಿಹಾರ. ಕೊನೆಯ ಮೂಲವೇತನ 60,000 ಇದ್ದವರ ಮಗುವಿಗೆ ಅದು 18,000 ಮತ್ತು ತುಟ್ಟಿ ಪರಿಹಾರ. ಸಣ್ಣಪುಟ್ಟ ಬಡ್ಡಿ ಬರುತ್ತದೆಂದು ಅರ್ಜಿಯನ್ನೇ ಕೈಬಿಡಬೇಡಿ. ಮದುವೆಯಾದರೂ ವಿಶೇಷಚೇತನ ಮಗುವಿನ ಹಕ್ಕು ಹೋಗುವುದಿಲ್ಲ.

ನಿವೃತ್ತಿಯ ನಂತರ ಮದುವೆಯಾದವರ ಸಂಗಾತಿಗೂ ಕುಟುಂಬ ಪಿಂಚಣಿ ಉಂಟು. ದಾರಿ ಇದೇ, ವಿವಾಹ ನೋಂದಣಿ ಪತ್ರ ಹೆಚ್ಚುವರಿ. ಮದುವೆಯಾದ ಮಗಳ ಹೆಸರನ್ನು ನಮೂನೆ 4ರಿಂದ ತೆಗೆಯಬೇಕಾಗಿಲ್ಲ, ತೆಗೆಯಲೂಬಾರದು. ಅರ್ಹತೆಯ ತೀರ್ಮಾನ ನಂತರದ್ದು.

ಸರದಿಯನ್ನೇ ಬದಲಿಸುವ ಅವಕಾಶ ಒಂದು ಸಂದರ್ಭದಲ್ಲಿ ಮಾತ್ರ ಇದೆ, ಇದು ಹೆಣ್ಣುಮಕ್ಕಳಿಗೆ ತಿಳಿದಿರಲೇಬೇಕು. ವಿಚ್ಛೇದನದ ದಾವೆ, ಕೌಟುಂಬಿಕ ದೌರ್ಜನ್ಯ ಅಥವಾ ವರದಕ್ಷಿಣೆ ಪ್ರಕರಣ ನಡೆಯುತ್ತಿದ್ದರೆ, ಗಂಡನಿಗಿಂತ ಮೊದಲು ಮಕ್ಕಳಿಗೆ ಪಿಂಚಣಿ ಕೊಡಿ ಎಂದು ಮಹಿಳಾ ನೌಕರರೂ ಪಿಂಚಣಿದಾರರೂ ಕಚೇರಿ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಬಹುದು. 2024ರ ಜನವರಿಯಲ್ಲಿ ಬಂದ ಸೌಲಭ್ಯ ಇದು.

ತಿದ್ದುಪಡಿ ಆದೇಶ ಬಂದ ಮೇಲೂ ಕೆಲಸ ಮುಗಿದಿರುವುದಿಲ್ಲ. ಸಿಪಿಪಿಸಿಯ ಕಂಪ್ಯೂಟರಿನಲ್ಲಿ ಹೆಸರು ಏರಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ. ಆದೇಶದ ಒಂದು ಪ್ರತಿ, ಮೂಲ ವೈದ್ಯಕೀಯ ಪ್ರಮಾಣಪತ್ರ ಮತ್ತು ಪೋಷಕರ ನಾಮನಿರ್ದೇಶನ ಒಂದೇ ಕಡತದಲ್ಲಿರಲಿ, ಅದು ಎಲ್ಲಿದೆ ಎಂದು ಆ ಪೋಷಕರಿಗೆ ಗೊತ್ತಿರಲಿ. ಪಿಪಿಒದಲ್ಲಿ ಹೆಸರಿದ್ದ ಮೇಲೆ ಅವರು ಹಳೆಯ ಕಚೇರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮರಣ ಪ್ರಮಾಣಪತ್ರಗಳೊಂದಿಗೆ ನೇರವಾಗಿ ಬ್ಯಾಂಕಿಗೇ ಹೋಗಬಹುದು.